ಗಾಂಜಾ ಸೋತ ದಿನದ ಶಿರಾ

ಗಂಡ ಹೆಂಡತಿಯ ನಡುವೆ ಗುಟ್ಟು ಇರಬಾರದು ಎಂದು ಹೇಳುವವರು ಬಹುಶಃ ಮದುವೆಯಾಗದವರು, ಇಲ್ಲವೇ ಮದುವೆಯಾಗಿ ಇನ್ನೂ ವಾರ ಕಳೆಯದವರು. ನನ್ನ ಅನುಭವದ ಪ್ರಕಾರ ಸಂಸಾರ ನಡೆಯುವುದೇ ಸಣ್ಣಪುಟ್ಟ ಗುಟ್ಟುಗಳ ಮೇಲೆ. ಕಾರಿನ ಬಾಗಿಲಿಗೆ ಗೀರು ಬಿದ್ದದ್ದು ಎಲ್ಲಿ, ಹೋದ ದೀಪಾವಳಿಗೆ ನಾನು ಆರಿಸಿ ತಂದ ಸೀರೆ ಅವಳಿಗೆ ನಿಜಕ್ಕೂ ಹಿಡಿಸಿತೇ, ಅತ್ತೆಯವರು ಫೋನು ಮಾಡಿದಾಗೆಲ್ಲ ನಾನು ಸ್ನಾನಕ್ಕೇ ಹೋಗಿರುತ್ತೇನೆಯೇ, ಇಂಥವನ್ನೆಲ್ಲ ಕೆದಕದೆ ಬಿಟ್ಟಿದ್ದರಿಂದಲೇ ನಮ್ಮ ಸಂಸಾರ ಇಲ್ಲಿಯವರೆಗೆ ಸರಾಗವಾಗಿ ಉರುಳಿಕೊಂಡು ಬಂದಿದೆ. ಆದರೆ ಈ ಸಲ ನಮ್ಮಿಬ್ಬರ ನಡುವೆ ಬಂದು ಕುಳಿತ ಗುಟ್ಟು ಅಂಥಿಂಥದ್ದಲ್ಲ. ಅದು ಗಾಂಜಾ. ಗಾಬರಿಯಾಗಬೇಡಿ, ನಾನು ಸೇದುವವನಲ್ಲ. ಸೇದುವುದಿರಲಿ, ಸಂಜೆ ಒಂದು ಕಪ್ ಚಹಾ ಸ್ವಲ್ಪ ಕಡಕ್ ಆದರೆ ಬೆಳಗಿನವರೆಗೆ ಹೊರಳಾಡುವ ಪ್ರಾಣಿ ನಾನು. ನಾನು ಮಾಡಿದ್ದು ಗಾಂಜಾದ ಬಗ್ಗೆ ಓಟು ಹಾಕಿದ್ದು, ಅಷ್ಟೇ.

ಲಂಡನ್ನಿನಲ್ಲಿ ಕುಳಿತವನಿಗೆ ಗಾಂಜಾದ ಓಟು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಇಲ್ಲಿಯ ನಮ್ಮ ಕನ್ನಡ ಸಂಘದವರೂ ಕೇಳಿದ್ದರು. ನಾವಿರುವುದು ಫೆಲ್ಥಮ್‌ನಲ್ಲಿ. ನಾನು ವಿಮಾನ ನಿಲ್ದಾಣದ ಸರಕು ಸಾಗಣೆಯ ಆಫೀಸಿನಲ್ಲಿದ್ದೇನೆ, ನನ್ನ ಹೆಂಡತಿ ಶೈಲಾ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಇಲ್ಲಿಗೆ ಬರುವ ಮೊದಲು ನಾವು ಅಮೆರಿಕದ ಒಂದು ರಾಜ್ಯದಲ್ಲಿ ಬಹಳ ವರ್ಷ ಇದ್ದೆವು. ಮಗಳು ಅನಘಾ ಹುಟ್ಟಿದ್ದು ಅಲ್ಲೇ, ನಾವಿಬ್ಬರೂ ಕೈ ಎತ್ತಿ ಪ್ರಮಾಣ ಮಾಡಿ ಆ ದೇಶದ ಪ್ರಜೆಗಳಾದದ್ದೂ ಅಲ್ಲೇ. ಆಮೇಲೆ ಶೈಲಾಳಿಗೆ ಇಲ್ಲಿ ಕೆಲಸ ಸಿಕ್ಕಿತು, ಗಂಟು ಮೂಟೆ ಕಟ್ಟಿಕೊಂಡು ಬಂದೆವು. ನಾವು ಆ ರಾಜ್ಯವನ್ನು ಬಿಟ್ಟರೂ ಆ ರಾಜ್ಯ ನಮ್ಮನ್ನು ಬಿಟ್ಟಿಲ್ಲ. ಚುನಾವಣೆ ಬಂದಾಗಲೆಲ್ಲ ಇಬ್ಬರಿಗೂ ಒಂದೊಂದು ಮತಪತ್ರ ಇಮೇಲಿನಲ್ಲಿ ಬಂದು ಬೀಳುತ್ತದೆ. ಅದನ್ನು ಮುದ್ರಿಸಿ, ಉತ್ತರಗಳ ಪಕ್ಕದ ಪುಟ್ಟ ಗುಂಡಗಳನ್ನು ಕಪ್ಪು ಶಾಯಿಯಿಂದ ತುಂಬಿ, ಲಕೋಟೆಯೊಳಗೊಂದು ಲಕೋಟೆಯಿಟ್ಟು, ನಾಲಿಗೆಯಿಂದ ಅಂಟು ಸವರಿ, ಸಮುದ್ರದಾಚೆಗೆ ಕಳಿಸಬೇಕು. ಬ್ಯಾಂಕಿನ ಗುಮಾಸ್ತೆಯ ಎದುರು ತುಟಿ ಬಿಚ್ಚಿ ಅಭ್ಯಾಸವಿಲ್ಲದ ನನ್ನನ್ನು ಆ ಮತಪತ್ರ, ಇಂಥ ನ್ಯಾಯಾಧೀಶರನ್ನು ಮುಂದುವರಿಸೋಣವೇ, ಮನೆಗೆ ಕಳಿಸೋಣವೇ ಎಂದು ಕೇಳುತ್ತದೆ. ನಾನು ಯಾರನ್ನೂ ಮನೆಗೆ ಕಳಿಸಿಲ್ಲ. ಅವರವರ ಹೊಟ್ಟೆಯ ಪಾಡು ಅವರವರಿಗೆ ಎಂದು ಎಲ್ಲರನ್ನೂ ಮುಂದುವರಿಸಿದ್ದೇನೆ.

ಮತಪತ್ರ ಎರಡಾದರೂ ನಮ್ಮ ಮನೆಯ ಓಟು ಒಂದೇ. ಇದು ಧಾರವಾಡದಿಂದ ನಾನು ಜೊತೆಗೆ ತಂದ ಪದ್ಧತಿ. ನನ್ನ ಅಪ್ಪ ಗಣಿತದ ಮಾಸ್ತರರು. ಓಟಿನ ದಿನ ಬೆಳಿಗ್ಗೆ ಅವಲಕ್ಕಿ ತಿನ್ನುತ್ತ, “ಈ ಸಲ ನಮ್ಮ ಮನಿ ಓಟು ಇಂಥವಗ” ಎಂದು ಒಂದು ಮಾತು ಹೇಳುತ್ತಿದ್ದರು. ಅವ್ವ ಒಲೆಯ ಮುಂದಿನಿಂದಲೇ “ಹೂಂ” ಎನ್ನುತ್ತಿದ್ದಳು. ಅಜ್ಜಿ ಕಿವಿ ಕೇಳದಿದ್ದರೂ “ಹೂಂ” ಎನ್ನುತ್ತಿದ್ದಳು. ಎಲ್ಲರೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ ಮನೆತನದ ಕೆಲಸ ಮುಗಿದಂತೆ. ಅವ್ವ ಪರದೆಯ ಹಿಂದೆ ಹೋಗಿ ಯಾವ ಚಿಹ್ನೆಗೆ ಒತ್ತಿ ಬರುತ್ತಿದ್ದಳೋ ನಾವ್ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾನು ದೊಡ್ಡವನಾಗಿ ಯಜಮಾನಿಕೆ ಎಂಬುದು ಕೈಗೆ ಬಂದಾಗ ಅದರಲ್ಲಿ ಉಳಿದಿದ್ದುದೇ ಈ ಒಂದು ಅಧಿಕಾರ. ಮಿಕ್ಕಿದ್ದನ್ನೆಲ್ಲ ಶೈಲಾ ಮದುವೆಯಾದ ವರ್ಷವೇ ವಹಿಸಿಕೊಂಡಿದ್ದಳು. ಹೀಗಾಗಿ ಓಟಿನ ಘೋಷಣೆಯನ್ನು ಮಾತ್ರ ನಾನು ಬಹಳ ಗತ್ತಿನಿಂದ ಮಾಡುತ್ತೇನೆ.

ಈ ಸಲದ ಮತಪತ್ರದ ಕೊನೆಯಲ್ಲಿ ಆ ಪ್ರಶ್ನೆ ಇತ್ತು. ವಯಸ್ಸಿಗೆ ಬಂದವರು ಗಾಂಜಾವನ್ನು ಖುಷಿಗಾಗಿ ಕೊಂಡು ಸೇದುವುದನ್ನು ಕಾನೂನು ಒಪ್ಪಬೇಕೇ? ಹೌದು ಒಂದು ಗುಂಡ, ಬೇಡ ಒಂದು ಗುಂಡ. ಔಷಧಿಗೆ ಮೊದಲೇ ಒಪ್ಪಿಗೆ ಇತ್ತು, ಈಗ ಕೇಳಿದ್ದು ಬರೀ ಖುಷಿಗೆ. ನಾನು ಊಟದ ಮೇಜಿನ ಬಳಿ ನಿಂತು ಕನ್ನಡಕ ಸರಿಪಡಿಸಿಕೊಂಡು, “ಗಾಂಜಾದ ವಿಷಯದಾಗ ನಮ್ಮ ಮನಿ ಓಟು ಬ್ಯಾಡ” ಎಂದು ಘೋಷಿಸಿದೆ. “ಮತ್ತ? ಬೆಳದ ಮಗಳು ಇರೋ ಮನಿ” ಎಂದಳು ಶೈಲಾ. ಬೆಳೆದ ಮಗಳು ಆಗ ಸೋಫಾದ ಮೇಲೆ ಕಾಲು ಚಾಚಿಕೊಂಡು ಮಲಗಿದ್ದಳು. ಅವಳಿಗೂ ಆ ರಾಜ್ಯದಲ್ಲಿ ಓಟಿನ ಹಕ್ಕಿದೆ. ಆದರೆ ಹವಾಮಾನದಿಂದ ಹಿಡಿದು ಮನೆ ಬಾಡಿಗೆಯವರೆಗೆ ಎಲ್ಲದರ ಬಗ್ಗೆ ಖಚಿತ ಅಭಿಪ್ರಾಯವಿರುವ ಅವಳು ಹೆಸರು ನೋಂದಾಯಿಸುವುದನ್ನು ಮರೆತಿದ್ದಳು. ಅಭಿಪ್ರಾಯವೇ ಇಲ್ಲದ ನಾವಿಬ್ಬರು ಮಾತ್ರ ಸಕಾಲಕ್ಕೆ ನೋಂದಾಯಿಸಿಕೊಂಡಿದ್ದೆವು.

ಗಾಂಜಾದ ಮೇಲೆ ನಮ್ಮ ಮನೆಗೆ ಕೋಪ ಬರಲು ಕಾರಣವೂ ಇತ್ತೆನ್ನಿ. ಇಲ್ಲಿ ಕಾನೂನು ಒಪ್ಪದಿದ್ದರೂ ಮೂಗಿಗೆ ಅದರ ಪರಿಚಯ ದಿನವೂ ಆಗುತ್ತದೆ. ಒಂದು ಸಂಜೆ ಬಸ್ಸಿನ ಮಹಡಿಯಲ್ಲಿ ನನ್ನ ಹಿಂದಿನ ಸೀಟಿನವನು ಯಾವ ಗಡಿಬಿಡಿಯೂ ಇಲ್ಲದೆ ಸೇದುತ್ತ ಕುಳಿತಿದ್ದ. ಮನೆಗೆ ಬಂದ ನನ್ನ ಕೋಟನ್ನು ಶೈಲಾ ಎರಡು ಬೆರಳಲ್ಲಿ ಎತ್ತಿ ಮೂಸಿ, “ಏನ್ರೀ ಇದು?” ಎಂದಳು. ನಾನು ಬಸ್ಸಿನ ಕಥೆ ಹೇಳಿದೆ. ಅವಳು ನಂಬಿದಳು, ಆದರೆ ಕೋಟನ್ನು ನಂಬಲಿಲ್ಲ. ಕುರ್ಚಿಗೆ ತಗುಲಿಹಾಕಿ ಅದಕ್ಕೆ ಲೋಬಾನದ ಹೊಗೆ ಹಾಕಿದಳು, ಬಾಣಂತಿಯ ಕೂದಲಿಗೆ ಹಾಕುವ ಹಾಗೆ. ಮರುದಿನ ಅದನ್ನೇ ತೊಟ್ಟು ಆಫೀಸಿಗೆ ಹೋದರೆ ಸಹೋದ್ಯೋಗಿಯೊಬ್ಬ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, ನಿನಗೆ ಇದನ್ನು ತಂದುಕೊಡುವವರು ಯಾರು, ನನಗೂ ಪರಿಚಯ ಮಾಡಿಸು ಎಂದ.

ಇರಲಿ. ಘೋಷಣೆಯಾದ ಮೇಲೆ ಶೈಲಾ ತನ್ನ ಮತಪತ್ರದೊಂದಿಗೆ ಊಟದ ಮೇಜಿಗೆ ಕುಳಿತಳು. ಅವಳು ಶಾಲೆಯಲ್ಲಿ ಪಕ್ಕದವಳಿಗೆ ಉತ್ತರ ಕಾಣದ ಹಾಗೆ ಕೈ ಅಡ್ಡ ಇಟ್ಟು ಬರೆದವಳು, ಇಂದಿಗೂ ಹಾಗೇ ಬರೆಯುತ್ತಾಳೆ. ನಾನು ಮೇಲಿನ ಕೋಣೆಗೆ ಹೋಗಿ ನನ್ನದನ್ನು ತುಂಬಿದೆ. ನ್ಯಾಯಾಧೀಶರನ್ನೆಲ್ಲ ಮುಂದುವರಿಸಿದೆ. ಗಾಂಜಾದ ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು. ಕಿಟಕಿಯ ಆಚೆ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಹೌದು ಎಂಬ ಗುಂಡವನ್ನು ಅಂಚು ದಾಟದ ಹಾಗೆ ಅಚ್ಚುಕಟ್ಟಾಗಿ ಕಪ್ಪು ಮಾಡಿ, ಲಕೋಟೆಗೆ ಹಾಕಿ, ಅಂಟಿಸಿ ಕೆಳಗಿಳಿದು ಬಂದೆ. “ಹಾಕಿದ್ರ್ಯಾ?” ಎಂದಳು ಶೈಲಾ. “ಹಾಕ್ದೆ” ಎಂದೆ. ಹಾಗೆ ಹೇಳಿದ್ದು ಸುಳ್ಳಲ್ಲವಲ್ಲ.

ಫಲಿತಾಂಶದ ದಿನ ಇಬ್ಬರೂ ಫೋನು ಹಿಡಿದುಕೊಂಡೇ ಎದ್ದೆವು. ಗಾಂಜಾ ಸೋತಿತ್ತು. ಅದು ಸೋತ ರೀತಿಯೂ ವಿಚಿತ್ರ. ಅರ್ಧಕ್ಕಿಂತ ಹೆಚ್ಚು ಜನ ಹೌದು ಎಂದಿದ್ದರು. ಆದರೆ ಇದಕ್ಕೆ ಆ ರಾಜ್ಯದ ಸಂವಿಧಾನವನ್ನೇ ತಿದ್ದಬೇಕಂತೆ, ತಿದ್ದಲು ಅರ್ಧ ಸಾಲದಂತೆ, ಅದರ ಮೇಲೆ ಇನ್ನಷ್ಟು ಬೇಕಂತೆ. “ಸೋತದಂತ್ರೀ” ಎಂದಳು ಶೈಲಾ. “ಭಾಳ ಛಲೋ ಆತು” ಎಂದೆ. “ಹೌದಲ್ಲ ಮತ್ತ” ಎಂದಳು. ಮನೆಯ ಓಟು ಗೆದ್ದ ದಿನ ಸಿಹಿ ಮಾಡುವುದೂ ಧಾರವಾಡದ ಪದ್ಧತಿಯೇ. ಅವಳು ರವೆ ಹುರಿದು ಶಿರಾ ಮಾಡಿದಳು, ದೇವರಿಗೆ ತೋರಿಸಿದಳು, ಬಟ್ಟಲಲ್ಲಿ ತಂದು ನನ್ನ ಮುಂದಿಟ್ಟಳು. ನನ್ನ ಕೈಯಾರೆ ಹಾಕಿದ ಓಟು ಸೋತ ದುಃಖದಲ್ಲಿ ನಾನು ಗೆದ್ದವನ ಮುಖ ಮಾಡಿಕೊಂಡು ಅದನ್ನು ತಿಂದೆ. ಸಕ್ಕರೆ ಯಾಕೋ ಕಡಿಮೆ ಇತ್ತು, ಗೋಡಂಬಿ ಕಪ್ಪಗಾಗಿತ್ತು. ಡಾಕ್ಟರು ಸಕ್ಕರೆ ಕಡಿಮೆ ಮಾಡಲು ಹೇಳಿದ್ದಾರಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಗೋಡಂಬಿಯ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಶಿರಾ ಇನ್ನೂ ಬಾಯಲ್ಲಿರುವಾಗಲೇ ಭಾಸ್ಕರಣ್ಣನ ಫೋನು ಬಂತು. ಭಾಸ್ಕರಣ್ಣ ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಕುಂದಾಪುರದವರು, ಸಟನ್‌ನಲ್ಲಿ ಹೋಟೆಲು ನಡೆಸುತ್ತಾರೆ. ದೋಸೆ ಹೊಯ್ದಷ್ಟೇ ಸಲೀಸಾಗಿ ಕಾರ್ಯಕ್ರಮವನ್ನೂ ಹೊಯ್ದು ಎಬ್ಬಿಸುವ ಮನುಷ್ಯ. ನಮ್ಮ ಮನೆಯ ಓಟಿನ ಘೋಷಣೆಯನ್ನು ನಾನು ಅವರ ಮುಂದೆಯೂ ಮಾಡಿದ್ದೆ. “ಎಂತ ಮಾರಾಯ್ರೆ, ಗೆದ್ದಿರಲ್ಲ! ನಮ್ಮ ಸಂಘದಲ್ಲಿ ಗಾಂಜಾದ ವಿರುದ್ಧ ಓಟು ಹಾಕಿ ಗೆದ್ದವರು ನೀವೊಬ್ಬರೇ” ಎಂದರು. ಸಂಘದಲ್ಲಿ ಗಾಂಜಾದ ಬಗ್ಗೆ ಓಟು ಹಾಕಲು ಅವಕಾಶವಿದ್ದವರೇ ನಾವಿಬ್ಬರು, ಅದು ಬೇರೆ ಮಾತು. “ರಾಜ್ಯೋತ್ಸವದಲ್ಲಿ ನೀವು ಮಾತಾಡಬೇಕು. ಮಾದಕ ವಸ್ತುಗಳು ಮತ್ತು ನಮ್ಮ ಮಕ್ಕಳು. ಸ್ವಲ್ಪ ತಮಾಷೆ ಸೇರಿಸಿ, ನಿಮಗೆ ಹೇಳಬೇಕಾ?” ಎಂದರು. ಸಂಘದಲ್ಲಿ ನನಗೆ ಹಾಸ್ಯಗಾರನೆಂದು ಸಣ್ಣದೊಂದು ಹೆಸರಿದೆ. ಮೈಕಿನ ಆಸೆ ಎಂಬುದು ಎಂಥ ಮಾದಕ ವಸ್ತು ಎಂದು ಯಾವ ರಾಜ್ಯವೂ ಇನ್ನೂ ವಿಚಾರಿಸಿಲ್ಲ. ನಾನು ಆಯಿತು ಎಂದುಬಿಟ್ಟೆ.

ನಿಜವಾದ ತೊಡಕು ಶುರುವಾದದ್ದು ಮಗಳಿಂದ. ಅನಘಾ ಅಕ್ಸ್‌ಬ್ರಿಡ್ಜ್‌ನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಇಂಗ್ಲಿಷು. ಅದೂ ಈಚೆಗೆ ಒಂದೊಂದೇ ಪದ. ಊಟ ಹೇಗಿತ್ತವ್ವ ಎಂದರೆ ಫೈನ್. ಕಾಲೇಜು ಹೇಗಿತ್ತು ಎಂದರೆ ಫೈನ್. ಮೈಯಲ್ಲಿ ಹುಷಾರಿಲ್ಲವೇ ಎಂದರೂ ಫೈನ್. ಚಿಕ್ಕವಳಿದ್ದಾಗ ನನ್ನ ಭುಜದ ಮೇಲೆ ಕುಳಿತು ದಾರಿಯ ಪ್ರತಿ ಕಂಬದ ಬಗ್ಗೆಯೂ ಪ್ರಶ್ನೆ ಕೇಳುತ್ತಿದ್ದ ಹುಡುಗಿ ನನ್ನನ್ನು ಏನಾದರೂ ಕೇಳಿ ವರ್ಷಗಳೇ ಆಗಿದ್ದವು. ನಾನೂ ಅದನ್ನು ತಮಾಷೆ ಮಾಡಿ ಸಂಘದಲ್ಲಿ ಹೇಳಿ ನಗಿಸಿದ್ದೆ. ಒಳಗೆ ಮಾತ್ರ ನನಗೆ ಅದು ನೋವೇ ಆಗಿತ್ತು. ಅಂಥವಳು ಅಂದು ತಾನಾಗಿ ನನ್ನ ಕೋಣೆಗೆ ಬಂದು, ರೇಡಿಯೋಗೊಂದು ವರದಿ ಮಾಡಬೇಕಾಗಿದೆ, ಗಾಂಜಾದ ತಿದ್ದುಪಡಿ ಸೋತದ್ದಕ್ಕೆ ಮತದಾರರ ಪ್ರತಿಕ್ರಿಯೆ ಏನು ಎಂಬುದು ವಿಷಯ, ಲಂಡನ್ನಿನಲ್ಲಿ ಆ ರಾಜ್ಯದ ಮತದಾರರು ನನಗೆ ಗೊತ್ತಿರುವುದು ನೀವಿಬ್ಬರೇ ಎಂದಳು. ಆಮೇಲೆ, “ಅಪ್ಪ, ವಾಟ್ ಡು ಯೂ ರಿಯಲಿ ಥಿಂಕ್?” ಎಂದು ಕೇಳಿದಳು.

ನನಗೆ ನಿಜವಾಗಿ ಏನನಿಸುತ್ತದೆ ಎಂದು ಮಗಳು ಕೇಳಿದ್ದಾಳೆ! ಸುಳ್ಳು ಹೇಳಿದರೆ ಪತ್ತೆ ಹಚ್ಚುತ್ತಾಳೆ, ಮತ್ತೆ ಫೈನ್ ಯುಗಕ್ಕೆ ಹಿಂದಿರುಗುತ್ತಾಳೆ. ನಿಜ ಹೇಳಿದರೆ ಅದು ಶೈಲಾಳ ಕಿವಿಗೆ ಬೀಳುತ್ತದೆ. ಮನೆಯ ಓಟನ್ನು ನಾನೇ ಘೋಷಿಸಿ, ನಾನೇ ಮುರಿದು, ಅವಳಿಂದ ಮಾತ್ರ ಪಾಲನೆ ಮಾಡಿಸಿ, ಮೇಲೆ ಅವಳ ಕೈಯ ಶಿರಾವನ್ನೂ ತಿಂದವನು ಎಂದಾಗುತ್ತದೆ. ಒಂದು ಕಡೆ ಮಗಳ ಮಾತು, ಇನ್ನೊಂದು ಕಡೆ ಹೆಂಡತಿಯ ನಂಬಿಕೆ. ಯೋಚಿಸುತ್ತಲೇ ಮರುದಿನ ಅವಳನ್ನು ಕಾಲೇಜಿಗೆ ಬಿಡಲು ಹೊರಟೆ. ಅಕ್ಸ್‌ಬ್ರಿಡ್ಜ್‌ನ ಕಾರ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಅವಳು ಬೆಕ್ಕಿನ ಬಾಲದಂಥ ಕೂದಲಿದ್ದ ಮೈಕೊಂದನ್ನು ನನ್ನ ಮುಖಕ್ಕೆ ಹಿಡಿದಳು.

ನಾನು ಗಂಟಲು ಸರಿಪಡಿಸಿಕೊಂಡು, ಸಮಾಜದ ಸ್ವಾಸ್ಥ್ಯ, ಯುವಪೀಳಿಗೆ, ಭಾರತೀಯ ಮೌಲ್ಯಗಳು ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅನಘಾ ಸ್ವಲ್ಪ ಕೇಳಿ ಯಂತ್ರವನ್ನು ಆರಿಸಿದಳು. ಬೈಯಲಿಲ್ಲ, ಮುಖ ಕಿವಿಚಲಿಲ್ಲ. “ಇಟ್ಸ್ ಓಕೆ ಅಪ್ಪ” ಎಂದು ಸುಮ್ಮನೆ ವೈರು ಸುತ್ತತೊಡಗಿದಳು. ಆ ವೈರು ಸುತ್ತುವುದನ್ನು ನನ್ನಿಂದ ನೋಡಲಾಗಲಿಲ್ಲ. “ತಡಿಯವ್ವ, ಚಾಲೂ ಮಾಡು” ಎಂದೆ.

ಅವಳಿಗೆ ನನ್ನ ಅಪ್ಪನ ಬಗ್ಗೆ ಹೇಳಿದೆ. ಅವಳು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ, ಅವಳ ಪಾಲಿಗೆ ಗೋಡೆಯ ಮೇಲಿನ ಒಂದು ಗಂಟುಮೋರೆಯ ಫೋಟೋ. ಆ ಗಂಟು ಫೋಟೋಕ್ಕೆಂದು ಹಾಕಿದ್ದಲ್ಲ, ಅದು ಅವರ ಮುಖದ ಕಾಯಂ ಸ್ಥಿತಿ. ನಮ್ಮೊಡನೆ ಅವರು ಲೆಕ್ಕ ಒಪ್ಪಿಸುವಾಗ ಮಾತ್ರ ಮಾತಾಡುತ್ತಿದ್ದರು. ಆದರೆ ಹೋಳಿಯ ಓಕುಳಿಯ ದಿನ ಅವರ ಗೆಳೆಯರ ಮನೆಯಲ್ಲಿ ಬದಾಮಿ, ಬಡೆಸೋಪು, ಮೆಣಸು ಅರೆದ ಹಾಲಿಗೆ ಭಂಗಿ ಸೊಪ್ಪು ಕೂಡಿಸಿ ಥಂಡಾಯಿ ಮಾಡುತ್ತಿದ್ದರು. ವರ್ಷಕ್ಕೊಮ್ಮೆ, ಒಂದು ಲೋಟ. ಭಂಗಿ ಎಂದರೂ ಗಾಂಜಾ ಎಂದರೂ ಗಿಡ ಒಂದೇ. ಅದನ್ನು ಕುಡಿದು ಅಪ್ಪ ಕಿವಿಯಲ್ಲೆಲ್ಲ ಬಣ್ಣ ತುಂಬಿಕೊಂಡು ಬಂದು ಮನೆಯ ಮುಂದಿನ ಕಟ್ಟಿಯ ಮೇಲೆ ಕೂರುತ್ತಿದ್ದರು. ಕೂತು ನಗುತ್ತಿದ್ದರು. ಎದುರುಮನೆಯ ಎಮ್ಮೆಯನ್ನು ನೋಡಿ ನಗು, ತಮ್ಮ ಚಪ್ಪಲಿಯನ್ನು ನೋಡಿ ನಗು. ಒಂದು ವರ್ಷ ಅವ್ವನನ್ನು ಕರೆದು, “ನಿನ್ನ ಹೆಸರರೆ ಎಷ್ಟು ಚಂದ ಅದ ಅಲ್ಲ, ನಾ ಕರದೇ ಇಲ್ಲ” ಎಂದು ಅವಳ ಹೆಸರನ್ನು ಮತ್ತೆ ಮತ್ತೆ ಕೂಗಿ ನಕ್ಕರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾವು ಮಕ್ಕಳು ಅಪ್ಪನ ಎಡಬಲಕ್ಕೆ ಕುಳಿತು ಅವರು ನಗುವುದನ್ನು ನೋಡುತ್ತಿದ್ದೆವು. ಮರುದಿನ ಬೆಳಿಗ್ಗೆ ಮತ್ತೆ ಗಂಟುಮೋರೆ, ಮತ್ತೆ ಮಗ್ಗಿ. ಆ ಗಿಡ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ ಮಗಳೇ, ಮಂದಿಯ ಮನೆ ಮುರಿದದ್ದೂ ಇರಬಹುದು, ಆದರೆ ಬೇಡ ಎಂದು ಬರೆಯಲು ಹೋದರೆ ಕಟ್ಟಿಯ ಮೇಲೆ ನಗುತ್ತಿದ್ದ ಅಪ್ಪನನ್ನು ಎಬ್ಬಿಸಿ ಕಳಿಸಿದಂತೆ ಆಗುತ್ತಿತ್ತು ಎಂದೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಕಟ್ಟಿಗೆ ಇಂಗ್ಲಿಷ್ ಸಿಗದೆ ಕಟ್ಟಿ ಎಂದೇ ಹೇಳಿದೆ.

ಅನಘಾಳ ಕಣ್ಣು ತೇವವಾಗಿತ್ತು. ಅಜ್ಜಿಯ ಹೆಸರೇನು ಎಂದು ಕೇಳಿದಳು. ಎಮ್ಮೆ ಯಾರದು ಎಂದು ಕೇಳಿದಳು. ಫೋಟೋದ ಅಜ್ಜನ ಹಾಗೆ ನಿನಗೂ ಕಿವಿಯ ಮೇಲೆ ಕೂದಲಿವೆ ಎಂದಳು. ಕ್ಲಾಸಿಗೆ ತಡವಾಗುತ್ತದೆ ಎಂದು ನಾನೇ ನೆನಪಿಸಬೇಕಾಯಿತು. ಅವಳು ಇಳಿಯುವ ಮುನ್ನ ಎರಡು ಕರಾರು ಹಾಕಿದೆ. ಹೆಸರು ಹಾಕಬಾರದು, ದನಿ ಬದಲಾಯಿಸಬೇಕು. ನಿಮ್ಮಮ್ಮನಿಗಂತೂ ಹೇಳಲೇಬಾರದು ಎಂದು ಮೂರನೆಯದನ್ನೂ ಸೇರಿಸಿದೆ. ಅವಳು ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿ, ನಾನೇನೂ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಮನೆಗೆ ಮರಳುವ ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು ದೀಪ ಸಿಕ್ಕಿತು, ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.

ಮುಂದಿನ ಶನಿವಾರ ರಾಜ್ಯೋತ್ಸವ. ಸಟನ್‌ನ ಸಭಾಂಗಣ ತುಂಬಿತ್ತು. ಭಾಸ್ಕರಣ್ಣ ನನ್ನನ್ನು, “ಅಮೆರಿಕದ ಗಾಂಜಾವನ್ನು ಫೆಲ್ಥಮ್‌ನಿಂದ ತಡೆದ ವೀರ ಕನ್ನಡಿಗ” ಎಂದು ಪರಿಚಯಿಸಿ ಮೈಸೂರು ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ನಾನು ಗಾಂಜಾದ ವಿರುದ್ಧ ಗುಡುಗಿದೆ. ಬಸ್ಸಿನ ಕಥೆ ಹೇಳಿದೆ, ಕೋಟಿನ ಕಥೆ ಹೇಳಿದೆ. ನಗಿಸುವವನು ತಾನು ನಗಬಾರದು ಎಂಬುದು ನನ್ನ ನಿಯಮ. ಕಲ್ಲಿನ ಮುಖ ಇಟ್ಟುಕೊಂಡು ಒಂದೊಂದೇ ಬಿಡುತ್ತ ಹೋದೆ, ಸಭೆ ಹೊಟ್ಟೆ ಹಿಡಿದುಕೊಂಡಿತು. ಅನಘಾ ಎರಡನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ಆ ಕಡೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ನೋಡಿ ಮಾತಾಡಿದೆ. ಅವಳ ಪಕ್ಕದಲ್ಲಿ ಶೈಲಾ ಚಪ್ಪಾಳೆ ಹೊಡೆಯುತ್ತಿದ್ದಳು. ನಿಷ್ಠಾವಂತ ಹೆಂಡತಿ, ನಾನು ಹೇಳಿದ ಕಡೆ ಓಟು ಹಾಕಿದವಳು, ಇವಳಿಗೆ ಹೀಗೆ ಮೋಸ ಮಾಡಿದೆನಲ್ಲ ಎಂದು ಪೇಟದೊಳಗೆ ಬೆವರಿದೆ.

ಮರುದಿನ ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತಿದ್ದೆವು. ಶೈಲಾ ರೊಟ್ಟಿ ಬಡಿದು ಎಣ್ಣೆಗಾಯಿ ಮಾಡಿದ್ದಳು. ಅನಘಾ ಫೋನನ್ನು ನೀರಿನ ಲೋಟಕ್ಕೆ ಆನಿಸಿ ನಿಲ್ಲಿಸಿ, ವರದಿ ಮುಗಿಯಿತು, ಮೇಷ್ಟರಿಗೆ ಬಹಳ ಹಿಡಿಸಿತು, ನೀವಿಬ್ಬರೂ ಒಟ್ಟಿಗೆ ಕೇಳಬೇಕು ಎಂದಳು. ನಾನು ಕೈಯಲ್ಲಿದ್ದ ಬದನೆಕಾಯಿಯನ್ನು ತಟ್ಟೆಗೆ ಇಳಿಸಿದೆ. ಈಗ ಬೇಡ, ಊಟದ ಹೊತ್ತಲ್ಲಿ ಫೋನು ಬೇಡ ಎಂದು ಎಂದೂ ಹೇಳದ ಶಿಸ್ತಿನ ಮಾತು ಹೇಳಿದೆ. ವಿಚಿತ್ರವೆಂದರೆ ಶೈಲಾ ಕೂಡ, “ಉಂಡ ಮ್ಯಾಲೆ ಕೇಳೋಣೇಳವಾ, ರೊಟ್ಟಿ ಆರ್ತಾವ” ಎಂದಳು. ಅನಘಾ, “ನಾನು ಹೇಳುವುದಿಲ್ಲ ಅಂತ ಮಾತ್ರ ಮಾತು ಕೊಟ್ಟಿದ್ದೆ” ಎಂದು ಇಂಗ್ಲಿಷಿನಲ್ಲಿ ಅಂದು ಗುಂಡಿ ಒತ್ತಿಯೇಬಿಟ್ಟಳು.

ಮೊದಲು ಬಂದದ್ದು ಬಾವಿಯೊಳಗಿಂದ ಬಂದಂಥ ಒಂದು ಗಡಸು ದನಿ. ಅದು ನಾನು. ನನಗೇ ಗುರುತು ಸಿಗದಷ್ಟು ಬದಲಾಗಿದ್ದೆ. ಶೈಲಾ ರೊಟ್ಟಿ ಮುರಿಯುತ್ತ ಕೇಳಿದಳು. “ಯಾಂವ ಇಂವ? ಛಲೋ ಮಾತಾಡ್ತಾನ. ಅವರಪ್ಪನ ಮ್ಯಾಲೆ ಜೀವ ಅದ ಇವಗ” ಎಂದಳು. ಆಮೇಲೆ ದನಿ, ಅವರು ಕಟ್ಟಿಯ ಮೇಲೆ ಕೂರುತ್ತಿದ್ದರು ಎಂದಿತು. ಶೈಲಾಳ ಕೈ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿದಳು. ಲಂಡನ್ನಿನಲ್ಲಿ ಮತ ಹಾಕುವ ಅಮೆರಿಕದವರಲ್ಲಿ ಕಟ್ಟಿ ಇದ್ದವರು ಎಷ್ಟು ಮಂದಿ ಇದ್ದಾರು? ನಾನು ತಲೆ ಬಗ್ಗಿಸಿ ಬೈಗುಳಕ್ಕೆ ಕಾಯುತ್ತ ಕುಳಿತೆ.

ಬೈಗುಳದ ಬದಲು ಫೋನಿನಿಂದ ಎರಡನೆಯ ದನಿ ಬಂತು. ಮಕ್ಕಳ ಕಾರ್ಟೂನಿನ ಇಲಿಯಂತೆ ಕೀಚಲಾಗಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ, ಹೆಸರು ಹೇಳಲು ಇಷ್ಟಪಡಲಿಲ್ಲ ಎಂದು ಅನಘಾ ಅದರಲ್ಲಿ ವಿವರಿಸಿದಳು. ಇಲಿ ಇಂಗ್ಲಿಷಿನಲ್ಲಿ ಹೇಳಿತು: “ನಾನು ಹೌದು ಅಂತ ಹಾಕಿದೆ. ಮನೆಯಲ್ಲಿ ಬೇಡ ಅಂತ ತೀರ್ಮಾನವಾಗಿತ್ತು. ನನ್ನ ಗಂಡ ಒಳ್ಳೆಯವರು, ಊರವರನ್ನೆಲ್ಲ ನಗಿಸುತ್ತಾರೆ. ಆದರೆ ಅವರು ನಗುವುದನ್ನು ನಾನು ನೋಡಿ ಬಹಳ ವರ್ಷವಾಯಿತು. ಮನೆಯಲ್ಲಿ ಏನಾದರೂ ತಮಾಷೆಯಾದರೆ ಅವರು ನಗುವುದಿಲ್ಲ, ಅದನ್ನು ಎಲ್ಲಿ ಹೇಳಬಹುದು ಅಂತ ಯೋಚಿಸುತ್ತಾರೆ. ರಿಟೈರ್ ಆದ ಮೇಲೆ ನಾವು ಅಲ್ಲಿಗೆ ವಾಪಸು ಹೋದರೂ ಹೋಗಬಹುದು. ಆಗ ಒಂದು ದಿನ, ಕಾನೂನು ಮುರಿಯದೆ, ಅವರಿಗೆ ಸ್ವಲ್ಪ ಕೊಡಿಸಬೇಕು ಅಂತ ನನಗೆ ಆಸೆ ಇತ್ತು. ಯಾರೂ ಎದುರಿಗೆ ಇಲ್ಲದೆ ಸುಮ್ಮನೆ ನನ್ನ ಜೊತೆ ಕೂತು ನಗಲಿ ಅಂತ. ಸೋತ ದಿನ ನನಗೆ ಬೇಜಾರಾಯಿತು.” ಅಷ್ಟು ಹೇಳಿ ಇಲಿ, “ಅಯ್ಯ ಶಿವನ, ಇದನ್ನ ಕಟ್ ಮಾಡವಾ” ಎಂದು ಅಚ್ಚ ಧಾರವಾಡ ಕನ್ನಡದಲ್ಲಿ ಅಂದಿತು. ಅನಘಾ ಅದನ್ನು ಕಟ್ ಮಾಡಿರಲಿಲ್ಲ.

ಮೇಜಿನ ಮೇಲೆ ರೊಟ್ಟಿ ನಿಜಕ್ಕೂ ಆರಿದ್ದವು. ನಾನು ಶೈಲಾಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ನಾನು ಅವಳಿಗೆ ಮೋಸ ಮಾಡಿದೆ ಎಂದು ಕೊರಗುತ್ತಿದ್ದಾಗ ಅವಳು ನನ್ನ ಬಗ್ಗೆ ಮರುಗುತ್ತಿದ್ದಳಲ್ಲ ಎಂದು ನಾಚಿಕೆಯಾಯಿತು. “ಹಂಗಾರ ನೀವೂ ಹೌದಂತ ಹಾಕಿದ್ರ್ಯಾ?” ಎಂದಳು. “ನೀನೂ ಹಾಕಿದಿ?” ಎಂದೆ. “ಮತ್ತ ಆ ಶಿರಾ?” ಎಂದಳು ಅನಘಾ, ಕನ್ನಡದಲ್ಲೇ. ಮೊದಲು ನಕ್ಕವಳು ಅವಳೇ. ಇಬ್ಬರೂ ಸೋತು, ಸೋತದ್ದಕ್ಕೆ ಸಿಹಿ ಮಾಡಿ, ದೇವರಿಗೂ ತೋರಿಸಿ, ಬಾಯಿ ಚಪ್ಪರಿಸಿದಿರಲ್ಲ ಎಂದು ಹೇಳಲು ಹೋಗಿ ಹೇಳಲಾಗದೆ ಕುರ್ಚಿಯಿಂದ ಜಾರಿದಳು. ಅವಳನ್ನು ನೋಡಿ ಶೈಲಾಳಿಗೂ ನಗು ಹತ್ತಿತು. “ಮ್ಯಾಲೆ ಪ್ಯಾಟಾ ಬ್ಯಾರೆ!” ಎಂದು ಕಣ್ಣೊರೆಸಿಕೊಂಡಳು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ನಕ್ಕರು. ಅಷ್ಟು ಹೊತ್ತೂ ನಾನು ಅವರಿಬ್ಬರನ್ನೇ ನೋಡುತ್ತಿದ್ದೆ, ಮನಸ್ಸಿಗೆ ತುಂಬ ಹಾಯೆನಿಸಿತ್ತು, ಮತ್ತು ಇದನ್ನು ಕಥೆ ಮಾಡಿ ಹೇಳುವಾಗ ಶಿರಾದಿಂದ ಶುರು ಮಾಡಬೇಕೋ ಗುಟ್ಟಿನಿಂದ ಶುರು ಮಾಡಬೇಕೋ ಎಂದು ಲೆಕ್ಕ ಹಾಕುತ್ತಿದ್ದೆ.

ಗುಟ್ಟಿನಿಂದಲೇ ಶುರು ಮಾಡಿದ್ದನ್ನು ನೀವು ನೋಡಿದ್ದೀರಿ. ಭಾಸ್ಕರಣ್ಣನಿಗೆ ಹೇಗೆ ಮುಖ ತೋರಿಸಬೇಕೋ ಗೊತ್ತಿಲ್ಲ, ಪೇಟವನ್ನಂತೂ ವಾಪಸು ಕೊಡುವವನಿದ್ದೇನೆ. ಬರೆದು ಮುಗಿಸಿದ ಮೇಲೆ ಇಷ್ಟನ್ನೂ ಮೊದಲು ಶೈಲಾಳಿಗೆ ಓದಿ ಹೇಳಿದೆ. ಅವಳು ಕಾಯಿಪಲ್ಯ ಸೋಸುತ್ತ ಕಡೆಯವರೆಗೂ ಕೇಳಿದಳು. “ಛಲೋ ಬಂದದ. ಮಂದಿ ನಗ್ತಾರ” ಎಂದಳು. ನನಗೆ ಖುಷಿಯಾಯಿತು. ಅವಳು ಮೆಂತ್ಯದ ಸೊಪ್ಪಿನಿಂದ ತಲೆ ಎತ್ತದೆ, “ಬರಿಯೋವಾಗ ನೀವು ನಕ್ಕಿರೇನು?” ಎಂದು ಕೇಳಿದಳು. ಇಲ್ಲ ಎಂದೆ. ಓದುವವರು ಎಲ್ಲೆಲ್ಲಿ ನಗಬಹುದು ಎಂದು ನೋಡುವುದರಲ್ಲೇ ನನಗೆ ನಗಲು ಪುರುಸೊತ್ತಾಗಿರಲಿಲ್ಲ.